ಅವ್ವನ ಬುಗುಡಿ

ತಾಯಿಯ ಚಿನ್ನದ ಬುಗುಡಿಗಳು ಕಿವಿಯಲ್ಲೇ ಮಣ್ಣು ಸೇರಿದವೋ, ಯಾರಾದರೂ ಬಿಚ್ಚಿಕೊಂಡರೋ ಎಂದು ಕಚ್ಚಾಡಿದ ಅಣ್ಣತಮ್ಮಂದಿರು, ಲೋಹ ಹುಡುಕುವ ಯಂತ್ರದ ಗುರುಪಾದನನ್ನು ಹಸಿ ಗೋರಿಗೇ ಕರೆತಂದರು. ತಂಗಿ ದೂರದಲ್ಲಿ ಕೂತು ಅಳುತ್ತಿದ್ದಳು.

ಕಬ್ಬಿಣವಾದರೆ ಯಂತ್ರ ಗುರುಗುಟ್ಟುತ್ತದೆ, ಚಿನ್ನವಾದರೆ ಸಣ್ಣಗೆ ಸಿಳ್ಳೆ ಹಾಕುತ್ತದೆ. ಹೆಣದ ತಲೆಯಿದ್ದ ಕಡೆ ಒಯ್ದಾಗ ಗುರುಪಾದನ ಹೆಡ್‌ಫೋನಿನಲ್ಲಿ ಸಿಳ್ಳೆ ಕೇಳಿತು.

"ಬಂಗಾರ ಐತೇನ್ರಿ?" ಅಣ್ಣ ಆಗಲೇ ಗುದ್ದಲಿ ಎತ್ತಿದ್ದ.

ಗುರುಪಾದ ಆ ಗುದ್ದಲಿ ನೋಡಿ ಹೆಡ್‌ಫೋನ್ ಕಳಚಿದ. "ಇಲ್ರೀ, ಬರೇ ತುಕ್ಕು ಹಿಡಿದ ಮೊಳಿ."

ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಕಳ್ಳರೆಂದು ಬೈಯುತ್ತ ಹೊರಟುಹೋದರು. ತಂಗಿ ಹತ್ತಿರ ಬಂದು ಕೈಮುಗಿದಳು. ಇವಳಿಗಾದರೂ ಕರುಳಿದೆ ಎಂದುಕೊಂಡ ಗುರುಪಾದ.

"ನೀವು ಸುಳ್ಳು ಹೇಳಿದ್ದು ನಿಮ್ಮ ಮಾರಿ ನೋಡೇ ತಿಳೀತ್ರಿ ಅಣ್ಣಾರ," ಎಂದು ಅವಳು ಕಣ್ಣೊರೆಸಿಕೊಂಡಳು. "ಲಗೂನ ಅಗೀರಿ. ಒಂದು ಬುಗುಡಿ ನಿಮಗ."