ಅಳಿಸದ ಪಾಟಿ

ಈಗಲೂ ಹಿಸುಕಿದ ತೊಂಡೆ ಎಲೆಯ ಹಸಿ ವಾಸನೆ ಮೂಗಿಗೆ ಬಡಿದರೆ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತದೆ.

ನಿಜಾಮರ ಕಾಲವದು. ಸರ್ಕಾರಿ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಮಸ್ಕಿಯಲ್ಲಿ ಒಂದು ಖಾಸಗಿ ಕನ್ನಡ ಶಾಲೆಯಿತ್ತು. ಪರೀಕ್ಷೆಯಲ್ಲಿ ಗೆದ್ದವರಿಗಷ್ಟೇ ಅಲ್ಲಿ ಜಾಗ. ಲೆಕ್ಕವನ್ನೂ ಶುದ್ಧಬರಹವನ್ನೂ ನಾನು ನನ್ನ ಕಲ್ಲಿನ ಪಾಟಿಯ ಮೇಲೆಯೇ ಬರೆದೆ. ಗುರುಗಳು ಅದರ ಕೆಳಗೆ ಐವತ್ತಕ್ಕೆ ನಲವತ್ತಾರು ಎಂದು ಬರೆದು, "ಸೋಮವಾರದಿಂದ ಬಾರವ್ವ" ಎಂದರು.

ಅಕ್ಷರ ಬಾರದ ಅವ್ವ ಆ ಪಾಟಿಯನ್ನು ಅಂಬಲಿ ತುಂಬಿದ ತಾಟಿನಂತೆ ಎರಡೂ ಕೈಯಲ್ಲಿ ಹಿಡಿದು ಬಿಸಿಲಲ್ಲಿ ಮನೆಗೆ ನಡೆದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದಳು, ಯಾರಿಗೂ ಮುಟ್ಟಗೊಡಲಿಲ್ಲ. "ಹೆಣ್ಣುಹುಡುಗಿಗ್ಯಾಕ ಸಾಲಿ?" ಎಂದಿದ್ದ ದೊಡ್ಡಪ್ಪನ ಬಾಗಿಲ ಮುಂದೆ ಮಾತ್ರ ತುಸು ಹೆಚ್ಚು ಹೊತ್ತು ನಿಂತಳು.

ಸೋಮವಾರಕ್ಕೆ ಪಾಟಿ ಸ್ವಚ್ಛವಿರಲಿ ಎಂದು ನಾನು ಅದನ್ನು ತಿಕ್ಕಲು ಹಿತ್ತಲಿನ ತೊಂಡೆ ಎಲೆ ಹರಿದು ತಂದೆ. ಅವ್ವ ನನ್ನ ಕೈಗೆ ಪಟ್ಟನೆ ಹೊಡೆದಳು.

"ಏನ್ ಮಾಡಾಕತ್ತೀಬೇ? ಅಳಿಸಿದಿ ಅಂದ್ರ ನೋಡು!"

"ಮತ್ತ ಸಾಲಿಗೆ ಏನ್ ಒಯ್ಯಲಿ ಯವ್ವಾ?"

"ನಿನ್ನ ತಲಿ ಒಯ್ಯಿ."

ಸೋಮವಾರ ಗುರುಗಳು ನನ್ನ ಬರಿಗೈ ನೋಡಿ, "ಪಾಟಿ ಎಲ್ಲೈತವ್ವ?" ಎಂದು ಕೇಳಿದರು.

"ದೇವರ ಜಗಲಿ ಮ್ಯಾಲ ಐತ್ರಿ. ನಮ್ಮವ್ವ ಅದಕ್ಕ ದಿನಾ ಊದಿನಕಡ್ಡಿ ಬೆಳಗತಾಳ್ರಿ."

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಗುರುಗಳು ನಗಲಿಲ್ಲ. ತಮ್ಮ ಪಾಟಿಯನ್ನು ಧೋತರದ ಚುಂಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.