ಬೀಜದ ಹಿಂದೆ ಬಂದ ಮರ

ನಡುರಾತ್ರಿ ಹಿತ್ತಿಲಲ್ಲಿ ಬೇರು ಎಳೆದ ಸಣ್ಣ ಸದ್ದಾಗುತ್ತಲೇ ವಾರಿಜಾ ಎದ್ದು ಹೋದಳು. ಬಾಗಿಲು ತೆರೆದರೆ ಕಾಡಿನ ಹೆಬ್ಬಲಸಿನ ಮರ ಬಟ್ಟೆಯೊಗೆಯುವ ಕಲ್ಲಿನ ಪಕ್ಕ ನಿಂತಿತ್ತು.

ಬೀಜ ಹೋದಲ್ಲಿಗೆ ಮರವೂ ಹೋಗುತ್ತದೆಂದು ಊರಿಗೆಲ್ಲ ಗೊತ್ತು. ಹಾಗಾಗಿ ಎಲ್ಲರೂ ಹಣ್ಣನ್ನು ಮರದಡಿಯಲ್ಲೇ ತಿಂದು, ಬೀಜವನ್ನು ಅಲ್ಲೇ ಉಗುಳಿ ಬರುತ್ತಾರೆ.

"ಅತ್ತೆ, ಬೀಜ ತಂದಿರಾ?" ಹಿಂದೆಯೇ ಎದ್ದು ಬಂದ ಗಂಡನ ತಾಯಿಯನ್ನು ವಾರಿಜಾ ಕೇಳಿದಳು.

"ನಾಲ್ಕೇ ಮಾರಾಯ್ತಿ. ಹುರಿದು ತಿನ್ನುವ ಚಪಲ."

"ಕೊಡಿ, ಕಾಡಲ್ಲಿ ಹಾಕಿ ಬರ್ತೇನೆ. ಬೆಳಿಗ್ಗೆ ಫಾರೆಸ್ಟ್ ಗಾರ್ಡ್ ಕಂಡರೆ ಮರಗಳ್ಳರೂಂತ ಊರು ಬಿಡಿಸ್ತಾರೆ."

"ಎಲ್ಲಿಂದ ಕೊಡ್ಲಿ? ನಂಗೆ ಹಲ್ಲೆಲ್ಲಿ ಉಂಟು? ಇಡಿಯಾಗಿ ನುಂಗಿದೆ."

ವಾರಿಜಾ ಅತ್ತೆಯ ಕೈಹಿಡಿದು ಕಾಡಿಗೆ ಹೊರಟಳು. ಮರ ಕರುವಿನಂತೆ ಹಿಂಬಾಲಿಸಿತು. ತನ್ನ ಹಳೆಯ ಗುಂಡಿ ಸಿಕ್ಕಿದರೂ ಅದು ಇಳಿಯಲೊಲ್ಲದು; ಅತ್ತೆ ಮನೆಯತ್ತ ತಿರುಗಿದರೆ ತಾನೂ ತಿರುಗುತ್ತಿತ್ತು. ಅಷ್ಟರಲ್ಲಿ ಬೆಳಕು ಹರಿಯತೊಡಗಿತು.

"ಚೊಂಬು ತಂದಿದ್ದೀಯಾ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

ಎಲ್ಲದಕ್ಕೂ ಹೆದರುವ ವಾರಿಜಾ ಅದನ್ನೂ ತಂದಿದ್ದಳು.

ಅತ್ತೆ ಪೊದೆಯ ಮರೆಗೆ ಹೋಗಿ ಬಂದ ಸ್ವಲ್ಪ ಹೊತ್ತಿಗೆ ಮರ ನಿಟ್ಟುಸಿರಿಟ್ಟು ಗುಂಡಿಗಿಳಿಯಿತು.

"ಕೇಳಿದವರಿಗೆ ಎಂತ ಹೇಳ್ತೀ?"

"ಹೇಳುವಂಥದ್ದಾ ಅತ್ತೆ ಇದು!"

ದಾರಿಯುದ್ದಕ್ಕೂ ನಗು ತಡೆದುಕೊಂಡ ವಾರಿಜಾ, ಇದನ್ನು ಗಂಡನಿಗೂ ಹೇಳಬಾರದೆಂದು ನಿಶ್ಚಯಿಸಿದಳು.