ಕಿಟಕಿ, ಬಾಗಿಲು, ಹಿತ್ತಿಲು

ಹೊಸ ಕೋಚ್ ಟೈಮ್‌ಔಟ್ ಕೇಳಿದಳು. ರೆಫರಿ ಸೀಟಿ ಊದಿದ. ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿದ್ದ ಐವರು ಹುಡುಗಿಯರೂ ಬೆವರು ಒರೆಸಿಕೊಳ್ಳುತ್ತ ಒಂದೇ ಉಸಿರಿಗೆ ಗ್ಯಾಲರಿಯ ಕಡೆ ಓಡಿದರು. ಬೆಂಚಿನ ಮೇಲಿದ್ದ ಬದಲಿ ಆಟಗಾರ್ತಿಯರು ಒಂದು ಕ್ಷಣ ಹೊಸ ಕೋಚಿನ ಮುಖ ನೋಡಿದರು. ಆಮೇಲೆ ಅವರೂ ಎದ್ದು ಹೋದರು.

ಗ್ಯಾಲರಿಯ ಎರಡನೇ ಸಾಲಿನಲ್ಲಿ, ಹೆಂಡತಿಯ ಪಕ್ಕ, ಹೋದ ತಿಂಗಳು ನಿವೃತ್ತರಾದ ಹಳೇ ಕೋಚ್ ಕೂತಿದ್ದರು. ಕೂತಿದ್ದರು ಎನ್ನುವುದು ಉಪಚಾರದ ಮಾತು. ಪಂದ್ಯ ಶುರುವಾದಾಗಿನಿಂದ ಅವರು ನಿಂತೇ ಇದ್ದರು. ಹುಡುಗಿಯರು ಕಟಕಟೆಗೆ ಆತುಕೊಂಡು ಅವರ ಉಪದೇಶ ಕೇಳಿದರು. ಹೊಸ ಕೋಚ್ ಕೈಯಲ್ಲಿ ಮಾರ್ಕರ್ ಪೆನ್ನು ಹಿಡಿದು ಖಾಲಿ ಬೆಂಚಿನ ಮುಂದೆ ನಿಂತಿದ್ದಳು. ಈ ಸೆಮಿಫೈನಲ್ ಸೋತರೆ ನಾಳೆಯೇ ಸರ್ ಅವರನ್ನು ಕೈಕಾಲು ಹಿಡಿದು ವಾಪಸು ಕರೆತರುವುದಾಗಿ ಪ್ರಿನ್ಸಿಪಾಲರು ಬೆಳಿಗ್ಗೆಯೇ, ಬಹಳ ವಿನಯದಿಂದ, ಅವಳಿಗೆ ತಿಳಿಸಿದ್ದರು.

ಮತ್ತೆ ಆಟ ಶುರುವಾಯಿತು. "ಕಿಟಕಿ!" ಎಂದು ಹಳೇ ಕೋಚ್ ಕೂಗಿದರು. ಆ ಗಂಟಲಿಗೆ ಮೈಕಿನ ಹಂಗಿರಲಿಲ್ಲ. ಕಿಟಕಿ ಎಂದರೆ ಅಂಕಣದ ಮೂಲೆಯಿಂದ ಚೆಂಡು ಎಸೆಯುವುದು, ಬಾಗಿಲು ಎಂದರೆ ನಡುವೆ ನುಗ್ಗುವುದು, ಹಿತ್ತಿಲು ಎಂದರೆ ಹಿಂದಿನಿಂದ ಬಳಸಿ ಬುಟ್ಟಿಯ ಕೆಳಗೆ ಬರುವುದು. ಎರಡು ತಲೆಮಾರಿನ ಹುಡುಗಿಯರು ಈ ಗುಟ್ಟಿನ ಭಾಷೆಯಲ್ಲೇ ಆಡುತ್ತ ಬಂದಿದ್ದರು. ಮಾಡಲು ಬೇರೆ ಕೆಲಸವಿಲ್ಲದ ಹೊಸ ಕೋಚ್ ಈ ಸಲ ತನ್ನವರನ್ನು ಬಿಟ್ಟು ಎದುರಾಳಿಗಳನ್ನು ನೋಡುತ್ತಿದ್ದಳು. "ಕಿಟಕಿ" ಎಂದ ಕೂಡಲೇ ಅವರ ಏಳನೇ ನಂಬರಿನವಳು, ನಮ್ಮವಳಿಗಿಂತ ಮೊದಲೇ, ಮೂಲೆಗೆ ಓಡಿದಳು. ಹೊಸ ಕೋಚಿಗೆ ತಾನು ಇದೇ ಸರ್ ಕೈಕೆಳಗೆ, ಅವರ ಬಾಯಲ್ಲಿ 'ಗುಬ್ಬಿ'ಯಾಗಿ, ಆಡುತ್ತಿದ್ದ ಕಾಲ ನೆನಪಾಯಿತು. ಅವಳು ಕಿಟಕಿಗೆ ತಲುಪುವಷ್ಟರಲ್ಲಿ ಅಲ್ಲಿ ಯಾರೋ ಕೈಯೆತ್ತಿ ನಿಂತಿರುತ್ತಿದ್ದರು. ಆಗ ಅವಳು ಬೈದುಕೊಂಡಿದ್ದು ತನ್ನ ಕಾಲುಗಳನ್ನು.

ಅರ್ಧ ಆಟ ಮುಗಿದಾಗ ಹನ್ನೊಂದು ಅಂಕ ಹಿಂದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ಯಾಪ್ಟನ್ ಅಳುವುದೊಂದು ಬಾಕಿ.

"ಅಕ್ಕಾ, ಒಂದೋ ಸರ್‌ಗೆ ಸುಮ್ನಿರಿ ಅಂತ ಹೇಳಿ, ಇಲ್ಲಾ ನೀವು ಸುಮ್ನಿರಿ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ್ರೆ ನಾವೇನ್ ಮಾಡೋದು?"

"ಇದರಲ್ಲಿ ಎತ್ತು ಯಾರು, ಕೋಣ ಯಾರು?"

ಕ್ಯಾಪ್ಟನ್ ಶೂ ಲೇಸು ಬಿಗಿಮಾಡುವುದರಲ್ಲಿ ಮುಳುಗಿದಳು.

"ಹೋಗ್ಲಿ ಬಿಡು. ಸರ್ ಕಿಟಕಿ ಅಂದಾಗ ಅವರೆಲ್ಲ ಎಲ್ಲಿಗೆ ಓಡ್ತಾರೆ, ನೋಡಿದೀಯಾ?"

ಕ್ಯಾಪ್ಟನ್ ತಲೆಯೆತ್ತಿದಳು. ಅವಳ ಬಾಯಿ ನಿಧಾನವಾಗಿ ತೆರೆದುಕೊಂಡಿತು. "ಅಯ್ಯೋ! ಅವರಿಗೂ ಗೊತ್ತಾ?"

"ನಮಗಿಂತ ಚೆನ್ನಾಗಿ ಗೊತ್ತು. ಇನ್ಮೇಲೆ ಕಿಟಕಿ ಅಂದ್ರೆ ನೀನು ಬಾಗಿಲಲ್ಲಿ ನುಗ್ಗು. ಬಾಗಿಲು ಅಂದ್ರೆ ಕಿಟಕಿಗೆ ಹೋಗು. ಹಿತ್ತಿಲು ಅಂದ್ರೆ ನಿಂತಲ್ಲಿಂದಲೇ ಎಸಿ."

"ಸರ್ ಮಾತು ಮೀರೋದಾ, ಅಕ್ಕಾ?"

"ಮೀರೋದ್ಯಾಕೆ? ಅದನ್ನ ಪಾಲಿಸೋ ಕೆಲಸ ಆ ಟೀಮಿನವರಿಗೆ ಬಿಟ್ಟುಬಿಡೋಣ."

ಅಂಕಣಕ್ಕೆ ಮರಳುವ ಮೊದಲು ಅವಳು ಒಂದು ಬಾಟಲಿ ಬಿಸಿನೀರು ಹಿಡಿದು ನೇರ ಗ್ಯಾಲರಿಗೆ ಹೋದಳು. ಜಗಳ ನೋಡಲು ಮೂರು ಸಾಲಿನ ಜನ ಬಗ್ಗಿದರು.

"ಸರ್, ದನಿ ಯಾಕೋ ಸೊರಗಿದೆ. ಆ ಕಡೆ ತುದಿಗೆ ಕೇಳಿಸ್ತಿಲ್ಲ. ಸ್ವಲ್ಪ ಜೋರಾಗಿ ಹೇಳಿ."

"ನೋಡ್ದ್ಯಾ?" ಹಳೇ ಕೋಚ್ ಹೆಂಡತಿಯ ಕಡೆ ತಿರುಗಿದರು. "ನಾನಿಲ್ದೆ ಗುಬ್ಬಿಗೆ ಆಗಲ್ಲ ಅಂತ ಹೇಳಿರಲಿಲ್ವಾ?"

"ಅಯ್ಯೋ ತಾಯೀ," ಎಂದರು ಹೆಂಡತಿ, "ಉರಿಯೋ ಬೆಂಕಿಗೆ ತುಪ್ಪ ಹಾಕ್ಬಿಟ್ಯಲ್ಲೇ! ರಾತ್ರಿ ಈ ಗಂಟಲಿಗೆ ಕಷಾಯ ಕಾಸೋಳು ನಾನು."

ಆಮೇಲೆ ಹಳೇ ಕೋಚ್ ಕೂಗಿದ್ದನ್ನು ಕೂಗು ಎಂದರೆ ಕೂಗಿಗೆ ಅವಮಾನ. ಅವರು "ಕಿಟಕಿ" ಎಂದರೆ ಎದುರಾಳಿಗಳು ಹಿಂಡಾಗಿ ಮೂಲೆಗೆ ಓಡುತ್ತಿದ್ದರು. ನಮ್ಮ ಕ್ಯಾಪ್ಟನ್ ತೆರೆದ ಬಾಗಿಲಲ್ಲಿ ಅಳಿಯನ ಠೀವಿಯಿಂದ ಒಳಗೆ ಹೋಗಿ ಚೆಂಡು ಹಾಕಿ ಬರುತ್ತಿದ್ದಳು. ಎದುರಾಳಿಗಳು ಮೊದಲ ಸಲ ಇದನ್ನು ಅದೃಷ್ಟ ಎಂದುಕೊಂಡರು, ಎರಡನೇ ಸಲ ಗಲಿಬಿಲಿ ಎಂದುಕೊಂಡರು. ಇಷ್ಟು ವರ್ಷ ನಂಬಿದ ಗುರುವಾಕ್ಯವನ್ನು ಒಂದೇ ಮಧ್ಯಾಹ್ನದಲ್ಲಿ ಕೈಬಿಡಲು ಪಾಪ ಅವರಿಂದಲೂ ಆಗಲಿಲ್ಲ. ಕೊನೆಯ ಗಳಿಗೆಯಲ್ಲಿ ನಾವು ಒಂದು ಅಂಕ ಹಿಂದಿದ್ದೆವು. "ಬಾಗಿಲೂ!" ಎಂದು ಗ್ಯಾಲರಿ ನಡುಗಿತು. ಎದುರಾಳಿಗಳು ಐವರೂ ಬುಟ್ಟಿಯ ಕೆಳಗೆ ಕೋಟೆ ಕಟ್ಟಿದರು. ಕ್ಯಾಪ್ಟನ್ ಕಿಟಕಿಯಲ್ಲಿ ಒಬ್ಬಳೇ ನಿಂತು, ಉಸಿರು ತೆಗೆದುಕೊಂಡು, ಎಸೆದಳು. ಚೆಂಡು ಬಲೆಯನ್ನು ಮಾತ್ರ ಸವರಿ ಇಳಿಯಿತು.

ಹುಡುಗಿಯರು ಹೊಸ ಕೋಚನ್ನು ಎತ್ತಿ ಮೇಲಕ್ಕೆಸೆದರು. ಹಿಡಿಯುವ ಕೆಲಸವನ್ನೂ ಹೆಚ್ಚುಕಡಿಮೆ ಸರಿಯಾಗಿಯೇ ಮಾಡಿದರು. ಪ್ರಿನ್ಸಿಪಾಲರು ಎದ್ದು ನಿಂತು, ಈ ನೇಮಕದ ಯೋಚನೆ ಮೊದಲು ಬಂದದ್ದೇ ತಮಗೆ ಎಂದು ಪಕ್ಕದವರಿಗೆ ವಿವರಿಸತೊಡಗಿದರು. ಹಳೇ ಕೋಚ್ ಮಾತ್ರ ಕೆಂಡವಾಗಿ ಮೆಟ್ಟಿಲಿಳಿದು ಬಂದರು, ಹಿಂದೆಯೇ ಹೆಂಡತಿ.

"ಏನೇ ಗುಬ್ಬಿ, ಗೆದ್ದಿದ್ದು ಸರಿ. ಆದ್ರೆ ಒಬ್ಬಳಾದ್ರೂ ನನ್ನ ಮಾತು ಕೇಳಿದ್ಲಾ?"

"ಐದೂ ಜನ ಕೇಳಿದ್ರು ಸರ್," ಎಂದು ಅವಳು ಗಲ್ಲದಿಂದ ತೋರಿಸಿದಳು. ಎದುರಾಳಿಗಳ ಬೆಂಚಿನಲ್ಲಿ ಐವರು ಹುಡುಗಿಯರು ಟವೆಲಿನಲ್ಲಿ ಮುಖ ಮುಚ್ಚಿ ಕೂತಿದ್ದರು.

ಹಳೇ ಕೋಚ್ ಆ ಟವೆಲುಗಳನ್ನು ಒಂದೊಂದಾಗಿ ನೋಡಿದರು. ಮಾತಾಡಿದಾಗ, ಪಕ್ಕದಲ್ಲಿದ್ದ ಹೆಂಡತಿಗೂ ಸರಿಯಾಗಿ ಕೇಳಿಸಲಿಲ್ಲ.

"ಎಷ್ಟು ವರ್ಷದಿಂದ?"

"ನಾನು ಆಡೋವಾಗಲೇ ಶುರುವಾಗಿತ್ತು ಅನ್ಸುತ್ತೆ, ಸರ್."

ಅವರು ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಗಟಗಟ ಕುಡಿದರು. ಬಾಯೊರೆಸಿಕೊಂಡರು.

"ಫೈನಲ್‌ಗೆ ಬರೋ ಕಾಲೇಜಿನವರಿಗೂ ನನ್ನ ಭಾಷೆ ಬರುತ್ತೇನೇ?"

"ಅರಳು ಹುರಿದ ಹಾಗೆ ಬರುತ್ತೆ, ಸರ್."

"ಹಾಗಾದ್ರೆ ನನಗೊಂದು ಸೀಟು ಹಿಡಿದಿಡು," ಎಂದರು ಹಳೇ ಕೋಚ್. "ಅವರ ಬೆಂಚಿನ ಹಿಂದೇನೇ."